ಹೆಸರು ಹೇಳಬಾರದ ಗಿಡ

ನಮ್ಮ ತುಳಸಿ ಕುಂಡದಲ್ಲಿ ತುಳಸಿಯೊಂದನ್ನು ಬಿಟ್ಟು ಉಳಿದದ್ದೆಲ್ಲ ಚೆನ್ನಾಗಿ ಬೆಳೆಯುತ್ತದೆ. ನಾಸಿಕದ ಈ ಮೂರನೇ ಮಹಡಿಯ ಮನೆಗೆ ಬಂದ ಮೇಲೆ ನಾಲ್ಕು ತುಳಸಿ ಒಣಗಿದವು. ನನ್ನ ಭಕ್ತಿ ಎಷ್ಟರದು ಎನ್ನುವುದು ದೇವರಿಗೆ ತಿಳಿದಿದೆ ಎಂದುಕೊಂಡು ಸುಮ್ಮನಿದ್ದೇನೆ. ಕಳೆಗೆ ಭಕ್ತಿಯ ಹಂಗಿಲ್ಲ. ಈ ಸಲದ ಮಳೆಗೆ ಕುಂಡದ ಅಂಚಿನಲ್ಲಿ ಗೇಣುದ್ದದ ಒಂದು ಗಿಡ ಎದ್ದು ನಿಂತಿತು. ಸಣ್ಣ ಸಣ್ಣ ಎಲೆ, ಎಲೆಯ ಕೆಳಗೆ ಸಾಲಾಗಿ ಸಾಸಿವೆಗಿಂತ ತುಸು ದೊಡ್ಡ ಹಸಿರು ಕಾಯಿ. ಕಿತ್ತು ಹಾಕೋಣವೆಂದು ಬಗ್ಗಿದೆ, ಹಾಗೇ ನಿಂತುಬಿಟ್ಟೆ.

"ಆಜಿ, ಥಾಂಬ್!" ಎಂದು ನನ್ನನ್ನು ತಡೆಯುತ್ತಾ ಮೊಮ್ಮಗಳು ಈಶಾ ಫೋನು ಹಿಡಿದು ಓಡಿ ಬಂದಳು. ಏಳನೇ ಇಯತ್ತೆಯ ಹುಡುಗಿ. ಅವಳ ಶಾಲೆಯಲ್ಲಿ ಗಿಡಗಳ ಫೋಟೋ ತೆಗೆದು ವಹಿಗೆ ಅಂಟಿಸುವ ಕೆಲಸ ಕೊಟ್ಟಿದ್ದಾರೆ. ಫೋನು ಒಂದು ಕ್ಷಣ ಯೋಚಿಸಿ, ನನ್ನ ನಾಲಿಗೆಗೆ ಹೊರಳದ ಉದ್ದನೆಯ ಹೆಸರೊಂದನ್ನು ಹೇಳಿತು. ಅದರ ಕೆಳಗೆ ಮರಾಠಿಯಲ್ಲಿ ಭುಈ ಆವಳಾ ಎಂದು ಬಂತು.

"ಆಪಲ್ಯಾ ಕನ್ನಡದಾಗ ಇದಕ್ಕ ಕಾಯ್ ಅಂತಾರ?"

"ನೆಲನೆಲ್ಲಿ."

"ಮ್ಹಣಜೇ?"

"ನೆಲದ ಮ್ಯಾಲಿನ ನೆಲ್ಲಿಕಾಯಿ."

"ಹೇ ತರ ಸೇಮ್ ಆಹೇ!" ಎಂದು ಅವಳು ಮೋರೆ ಸಪ್ಪಗೆ ಮಾಡಿಕೊಂಡಳು. ಮರಾಠಿಯಲ್ಲೂ ಅದೇ, ಹಿಂದಿಯಲ್ಲೂ ಅದೇ. ಹಳೆಯ ಕಾಲದಲ್ಲಿ ಗಿಡಗಳಿಗೆ ಹೆಸರಿಟ್ಟವರು ಅಷ್ಟೇನೂ ತಲೆ ಕೆಡಿಸಿಕೊಂಡವರಲ್ಲ. ಬಗ್ಗಿ ನೋಡಿದ್ದಾರೆ, ಎಲೆ ನೆಲ್ಲಿಯ ಹಾಗಿದೆ, ಗಿಡ ನೆಲ ಬಿಟ್ಟು ಎದ್ದಿಲ್ಲ, ಹೆಸರು ಇಟ್ಟು ಮುಂದೆ ಹೋಗಿದ್ದಾರೆ. ಮುಟ್ಟಿದರೆ ಮುನಿಯುವುದಕ್ಕೆ ಮುಟ್ಟಿದರೆ ಮುನಿ. ಹೀಗೆ ಯಾವ ಹೆಸರನ್ನು ಬಿಡಿಸಿದರೂ ಒಳಗೆ ಯಾರೋ ನಿಂತು ನೋಡಿದ್ದು ಸಿಗುತ್ತದೆ ಎಂದು ಈಶಾಳಿಗೆ ಹೇಳಬೇಕೆಂದಿದ್ದೆ. ಅಷ್ಟರಲ್ಲಿ ಅವಳು ಪಕ್ಕದವರ ಕ್ರೋಟನ್ ಹತ್ತಿರ ಹೋಗಿ ಆಗಿತ್ತು.

ನಾನು ಮಾತ್ರ ಕುಂಡದ ಮುಂದೆ ನಿಂತೇ ಇದ್ದೆ. ಮೊಮ್ಮಗಳಿಗೆ ಹೇಳಿದ್ದು ಸುಳ್ಳಲ್ಲ. ಆದರೆ ನಮ್ಮ ಮನೆಯಲ್ಲಿ ಆ ಗಿಡವನ್ನು ಆ ಹೆಸರಿನಿಂದ ಕರೆಯುತ್ತಿರಲಿಲ್ಲ. ಏನೆಂದು ಕರೆಯುತ್ತಿದ್ದರು ಎನ್ನುವುದು ನನಗೆ ಹೋದ ವರ್ಷದ ತನಕ ಗೊತ್ತಿರಲಿಲ್ಲ. ಗೊತ್ತಾಗಲಿಲ್ಲವೆಂದು ನಲವತ್ತು ವರ್ಷ ಹೊಟ್ಟೆ ಉರಿಸಿಕೊಂಡೆ. ಈಗ ಗೊತ್ತಾಗಿದೆ. ಗೊತ್ತಾಗದಿದ್ದರೇ ಚೆನ್ನಾಗಿತ್ತು ಎಂದು ಎಷ್ಟೋ ಸಲ ಅನ್ನಿಸುತ್ತದೆ.

ನಮ್ಮದು ಕಲಬುರಗಿಯ ಆಳಂದ ಕಡೆಯ ಊರು. ಅಪ್ಪ ಗೌಂಡಿ, ಅವ್ವ ಅವನ ಹಿಂದೆ ಗಾರೆ ಹೊರುವವಳು. ನಾಸಿಕದಲ್ಲಿ ಅವರು ಕಟ್ಟಿದ ಮನೆಗಳಿಗೆ ಲೆಕ್ಕವಿಲ್ಲ, ಇದ್ದದ್ದು ಮಾತ್ರ ತಗಡಿನ ಶೆಡ್ಡಿನಲ್ಲಿ. ಆಮೇಲೆ ಅಪ್ಪನ ಬೆನ್ನು ಕೈಕೊಟ್ಟಿತು. ನಿಫಾಡಿನ ಹತ್ತಿರ ಒಂದು ದ್ರಾಕ್ಷಿ ತೋಟ ಕಾಯುವ ಕೆಲಸ ಸಿಕ್ಕಿ ಅಲ್ಲೇ ನೆಲೆಯಾದರು. ಆ ತೋಟದ ಶೆಡ್ಡಿನಲ್ಲಿ ಅವ್ವ ಕಾಮಣಿಗೆ ಔಷಧ ಕೊಡುತ್ತಿದ್ದಳು. ಕಾಮಣಿ ಅಂದರೆ ಕಣ್ಣು ಹಳದಿಯಾಗುವ ಬೇನೆ, ಇಲ್ಲಿಯವರ ಕಾವೀಳ. ಪಿಂಪಳಗಾಂವ್ ಬಸವಂತಿನ ಉಳ್ಳಾಗಡ್ಡಿ ಮಾರ್ಕೆಟ್ಟಿನ ಹಮಾಲರು ಕೂಡ ಹುಡುಕಿಕೊಂಡು ಬರುತ್ತಿದ್ದರು. ಬಂದವರು ಒಂದು ತೆಂಗಿನಕಾಯಿ ಇಟ್ಟು ಹೋಗಬೇಕು. ಅವ್ವ ಬೇರೇನೂ ಮುಟ್ಟುತ್ತಿರಲಿಲ್ಲ.

ಆ ಔಷಧಕ್ಕೊಂದು ರೀತಿ ಇತ್ತು. ಇವತ್ತು ರೋಗಿ ಬಂದರೆ ಇವತ್ತೇ ಗಿಡ ಕೀಳುವಂತಿಲ್ಲ. ಸಂಜೆ ಅವ್ವ ಕೈಯಲ್ಲಿ ನಾಲ್ಕು ಅಕ್ಕಿಕಾಳು, ಚಿಟಿಕೆ ಅರಿಶಿನ ಹಿಡಿದು ತೋಟದ ಬದುವಿಗೆ ಹೋಗುತ್ತಿದ್ದಳು. ಗಿಡದ ಬುಡಕ್ಕೆ ಅಕ್ಕಿ ಹಾಕಿ, ಬಗ್ಗಿ, ಅದರ ಹೆಸರು ಹಿಡಿದು ಕರೆಯುವಳು. ಹೆಸರು ಮಾತ್ರ ತುಟಿಯೊಳಗೇ ಇರುತ್ತಿತ್ತು. ಅದರ ಹಿಂದಿನ ಮಾತು ದೂರದಲ್ಲಿ ನಿಂತ ನನಗೂ ಕೇಳುತ್ತಿತ್ತು: "ನಾಳೆ ಬರ್ತೀನಿ. ಸಿಟ್ಟಾಗಬ್ಯಾಡ." ಮರುದಿನ ಬೆಳಗ್ಗೆ ಯಾರ ಜೊತೆಗೂ ಮಾತಾಡದೆ ಹೋಗಿ, ಕಿತ್ತು, ಅಲ್ಲೇ ಕಲ್ಲಿನ ಮೇಲೆ ಅರೆದು ಮುದ್ದೆ ಮಾಡಿಕೊಂಡು ತರುವಳು. ಎಲೆ ಯಾವುದೆಂದು ಯಾರಿಗೂ ಕಾಣಬಾರದು. ಹೆಸರು ಯಾರಿಗೂ ಕೇಳಬಾರದು. ಸಾಯುವ ಮುಂಚೆ ಒಬ್ಬರ ಕಿವಿಯಲ್ಲಿ ಮಾತ್ರ ಹೇಳಬೇಕು. ಎರಡನೆಯವರ ಕಿವಿಗೆ ಬಿದ್ದರೆ ಗಿಡದ ಗುಣ ಹೋಗುತ್ತದೆ.

ಇನ್ನೊಂದು ಕಟ್ಟಳೆಯೂ ಇತ್ತು. ಅದು ಅವ್ವ ತಾನೇ ಮಾಡಿಕೊಂಡದ್ದು ಎಂದು ನಾನು ತಿಳಿದಿದ್ದೆ. ಬಂದವರನ್ನು ಮೊದಲು ಕೇಳುತ್ತಿದ್ದ ಮಾತು: "ದವಾಖಾನಿಗೆ ಹೋಗಿ ಬಂದೀರೇನ್ರಿ? ಚಿಟ್ಟಿ ತೋರಸ್ರಿ." ಮರಾಠಿ ಮಂದಿಯಾದರೆ, "ಆಧೀ ದವಾಖಾನಾ, ಮಗ್ ಔಷಧ," ಮೊದಲು ದವಾಖಾನೆ, ಆಮೇಲೆ ಔಷಧ. ಚಿಟ್ಟಿ ಇಲ್ಲದವರನ್ನು ಬಾಗಿಲಿನಿಂದಲೇ ಕಳಿಸುತ್ತಿದ್ದಳು. ಅಳಲಿ, ಕಾಲು ಹಿಡಿಯಲಿ, ಜಗ್ಗುತ್ತಿರಲಿಲ್ಲ. ಅಕ್ಷರ ಬಾರದವಳು ಆ ಚಿಟ್ಟಿಯನ್ನು ತಲೆಕೆಳಗಾಗಿ ಹಿಡಿದು ಗಂಭೀರವಾಗಿ ನೋಡಿ, "ಹೂಂ, ನಾಳೆ ಬರ್ರಿ" ಅನ್ನುವಳು. ಮುಂದೆ ನಾನು ನಾಸಿಕದ ಒಂದು ಆಸ್ಪತ್ರೆಯಲ್ಲಿ ರಕ್ತ ತಪಾಸಣೆಯ ಕೆಲಸಕ್ಕೆ ಸೇರಿದ ಮೇಲೆ ಇದನ್ನು ಹೇಳಿ ಹೇಳಿ ನಗುತ್ತಿದ್ದೆ. ಸಲೈನು ಸರ್ಕಾರದ್ದು, ಹೆಸರು ನಮ್ಮವ್ವನ ಸೊಪ್ಪಿಗೆ ಅನ್ನುತ್ತಿದ್ದೆ. ಅವ್ವನೂ ನಗುತ್ತಿದ್ದಳು. ಒಂದು ಸಲವೂ ಎದುರು ಮಾತಾಡಲಿಲ್ಲ.

ಹೆಸರಿನ ಮಾತು ಬಂದಾಗ ನಮ್ಮ ತಿಪ್ಪಿಯನ್ನು ಬಿಟ್ಟು ಮುಂದೆ ಹೋಗಲಾಗುವುದಿಲ್ಲ. ನಾವು ಉಳಿದವರು ಇಬ್ಬರೇ, ನೀಲಕ್ಕ ಮತ್ತು ನಾನು. ನನ್ನ ಬೆನ್ನಿಗೆ ಹುಟ್ಟಿದ ಎರಡು ಕೂಸು ತೊಟ್ಟಿಲಲ್ಲೇ ಹೋದವು. ಆಮೇಲೆ ಹುಟ್ಟಿದವಳಿಗೆ ತಿಪ್ಪವ್ವ ಎಂದು ಹೆಸರಿಟ್ಟರು. ನಮ್ಮ ಕಡೆ ಹಾಗೆ ಒಂದು ರೂಢಿ ಇದೆ ನೋಡಿ. ಮಕ್ಕಳು ನಿಲ್ಲದ ಮನೆಯಲ್ಲಿ ಹುಟ್ಟಿದ ಕೂಸಿಗೆ ತಿಪ್ಪೆಯ ಹೆಸರು, ಕಲ್ಲಿನ ಹೆಸರು ಇಡುತ್ತಾರೆ. ತಿಪ್ಪೆಯಲ್ಲಿ ಬಿದ್ದದ್ದನ್ನು ಯಾರು ಒಯ್ಯುತ್ತಾರೆ ಎಂದು ಯಮ ಮೂಗು ಮುಚ್ಚಿಕೊಂಡು ಮುಂದಿನ ಮನೆಗೆ ಹೋಗಲಿ ಎಂದು. ಆದರೆ ನಾಸಿಕದ ಯಮನಿಗೆ ಕನ್ನಡ ಬರುತ್ತಿರಲಿಲ್ಲ ಅಂತ ಕಾಣುತ್ತದೆ. ತಿಪ್ಪಿ ಮೂರು ವರ್ಷ ತುಂಬಿದ ಮಳೆಗಾಲದಲ್ಲಿ ಹೋದಳು.

ಆಗ ನಾನು ಇಲ್ಲಿರಲಿಲ್ಲ. ಅವ್ವನ ಅವ್ವ, ನಮ್ಮ ಆಯಿ, ನನ್ನನ್ನು ಊರಲ್ಲಿ ಇಟ್ಟುಕೊಂಡು ಕನ್ನಡ ಶಾಲೆಗೆ ಹಾಕಿದ್ದಳು. ನಾಲ್ಕನೇ ತರಗತಿಯ ತನಕ ಅಲ್ಲೇ ಓದಿದೆ. ಇವತ್ತು ಈ ನಾಲ್ಕು ಸಾಲು ಬರೆಯುತ್ತಿರುವುದು ಆ ಪುಣ್ಯದಿಂದ. ಊರಿಗೆ ಬಂದ ಯಾರೋ ಸುದ್ದಿ ತಂದರು, ಜ್ವರ ಬಂದು ತಿಪ್ಪಿ ತೀರಿಕೊಂಡಳು ಎಂದು. ಆಯಿ ಆ ಹೊತ್ತು ಒಲೆ ಹಚ್ಚಲಿಲ್ಲ. ನನಗೆ ತಿಪ್ಪಿಯದು ಉಳಿದಿರುವುದು ಒಂದೇ ನೆನಪು, ರಜೆಗೆ ಇಲ್ಲಿಗೆ ಬಂದಾಗ ಕಂಡದ್ದು. ಗಾರೆ ಹೊರುವ ಕಬ್ಬಿಣದ ಘಮೇಲಾದಲ್ಲಿ ಅವಳನ್ನು ಕೂರಿಸಿ ನೀಲಕ್ಕ ಎಳೆಯುತ್ತಿದ್ದಾಳೆ, ಅವಳು ಎರಡೂ ಕೈಯಿಂದ ಅಂಚು ಹಿಡಿದುಕೊಂಡು ನಗುತ್ತಿದ್ದಾಳೆ. ಮುಖ ನೆನಪಿಲ್ಲ.

ನೀಲಕ್ಕನ ಮದುವೆಗೆ ಎಂಟು ದಿನ ಇದ್ದಾಗ ಅವ್ವ ಅವಳನ್ನು ಒಳಗೆ ಕರೆದು ಬಾಗಿಲು ಹಾಕಿಕೊಂಡಳು. ಅಪ್ಪನನ್ನೂ ಹೊರಗೆ ಕಳಿಸಿದ್ದಳು. ನಾನು ಹದಿನೈದು ವರ್ಷದವಳು. ನೀರಿನ ಡ್ರಮ್ಮಿನ ಹಿಂದೆ ಕುಳಿತು ತಗಡಿಗೆ ಕಿವಿ ಹಚ್ಚಿದೆ. ತಗಡು ಕಾದಿತ್ತು, ಕಿವಿ ಸುಟ್ಟಿತು, ಹೆಸರು ಕೇಳಲಿಲ್ಲ. ಬಾಗಿಲು ತೆಗೆದು ಬಂದ ನೀಲಕ್ಕನ ಕಣ್ಣು ಕೆಂಪಾಗಿದ್ದವು. ಅವಳಿಗೆ ಸೊಕ್ಕು ಬಂತು ಎಂದೇ ನಾನು ತಿಳಿದೆ. ಗುಟ್ಟು ನನ್ನ ಬಾಯಲ್ಲಿ ನಿಲ್ಲುವುದಿಲ್ಲ ಎನ್ನುವುದು ಮನೆಯವರಿಗೆಲ್ಲ ಗೊತ್ತಿದ್ದ ಮಾತೇ. ಆದರೂ ಅವ್ವ ಮಗಳು ಮಗಳಲ್ಲಿ ಭೇದ ಮಾಡಿದಳೆಂದು ಎರಡು ದಿನ ಉಂಡಿರಲಿಲ್ಲ. ನನ್ನ ಗಾಜಿನ ಬಳೆ ಕೊಡುತ್ತೇನೆ ಅಂದೆ, ನೀಲಕ್ಕ ಬಾಯಿ ಬಿಡಲಿಲ್ಲ. "ಹೇಳಿದ್ರ ಗುಣ ಹೋಗ್ತದ" ಅಂದಳು, ಅಷ್ಟೇ.

ನೀಲಕ್ಕನನ್ನು ಕೊಟ್ಟದ್ದು ಸಂಭಾಜಿನಗರಕ್ಕೆ. ಆಗಿನ್ನೂ ಅದು ಔರಂಗಾಬಾದು. ಭಾವನಿಗೆ ವಾಳೂಜಿನ ಕಾರ್ಖಾನೆಯಲ್ಲಿ ಕೆಲಸ. ಅವ್ವ ಅಂದಿನಿಂದ ಔಷಧ ನಿಲ್ಲಿಸಿದಳು. ಹೆಸರು ಕೊಟ್ಟ ಮೇಲೆ ಕೊಟ್ಟವರ ಕೈ ಖಾಲಿ. ನನ್ನನ್ನು ಮಾತ್ರ ಹಟ ಹಿಡಿದು ಓದಿಸಿದಳು. "ನೀ ರಕ್ತ ನೋಡೋದು ಕಲಿ" ಎಂದು ಅದೊಂದೇ ಮಾತು. ದೊಡ್ಡವಳಿಗೆ ಬಂಗಾರ ಕೊಟ್ಟು ಚಿಕ್ಕವಳಿಗೆ ಹಿತ್ತಾಳೆ ಹಿಡಿಸಿದಳು ಎಂದು ನಾನು ಒಳಗೊಳಗೇ ಕುದಿಯುತ್ತಾ ಕಲಿತೆ.

ಆ ಕುದಿತವೇ ನನ್ನ ಕೈಯಲ್ಲಿ ಒಂದು ಕೆಟ್ಟ ಕೆಲಸ ಮಾಡಿಸಿತು. ಅವ್ವ ಹೋಗಿ ಕೆಲವು ವರ್ಷಗಳಾಗಿದ್ದವು. ನೀಲಕ್ಕ ಮನೆ ಕಟ್ಟಿಸಿ ವಾಸ್ತುಶಾಂತಿಗೆ ಎಲ್ಲರನ್ನೂ ಕರೆದಿದ್ದಳು. ಬೀಗರು, ನೆರೆಯವರು, ಭಾವನ ಕಾರ್ಖಾನೆಯ ಮಂದಿ ಎಲ್ಲ ತುಂಬಿದ್ದರು. ಯಾರೋ ಅವಳ ಕೈಗುಣ ಹೊಗಳಿದರು. ನನಗೆ ತಡೆಯಲಿಲ್ಲ. ಆ ಹೊತ್ತಿಗೆ ನಾನು ಗಿಡದ ಪುಸ್ತಕ ತಿರುವಿ ತಿರುವಿ ಅದು ಯಾವ ಸೊಪ್ಪೆಂದು ಪತ್ತೆ ಹಚ್ಚಿದ್ದೆ. ಗೋಡೆ ಮಗ್ಗುಲಲ್ಲಿದ್ದ ನೆಲನೆಲ್ಲಿಯನ್ನು ಬುಡಸಮೇತ ಕಿತ್ತು ಎತ್ತಿ ಹಿಡಿದು, "ನೋಡ್ರಿ, ಇದೇ ನಮ್ಮ ಅಕ್ಕನ ಬ್ರಹ್ಮವಿದ್ಯಾ. ಭುಈ ಆವಳಾ!" ಅಂದೆ. ಎಲ್ಲರೂ ನಕ್ಕರು. ನೀಲಕ್ಕ ಕೈಯಲ್ಲಿದ್ದ ಹೋಳಿಗೆಯ ತಾಟು ಅಲ್ಲೇ ಇಟ್ಟು ಒಳಗೆ ಹೋದಳು. ಮರುದಿನದಿಂದ ಔಷಧ ಕೊಡುವುದನ್ನು ಬಿಟ್ಟಳಂತೆ. ನನಗೆ ಒಂದು ಮಾತೂ ಅನ್ನಲಿಲ್ಲ. ಹಬ್ಬಕ್ಕೊಮ್ಮೆ ಫೋನು, ಆರಾಮ ಇದ್ದೀರಾ, ಆರಾಮ, ಇಷ್ಟಕ್ಕೆ ಬಂತು ನಮ್ಮ ಅಕ್ಕತಂಗಿತನ.

ಹೋದ ಮಳೆಗಾಲದಲ್ಲಿ ಅವಳ ಸೊಸೆಯ ಫೋನು ಬಂತು. "ಮಾವಶಿ, ಆಯಿಂಚೆ ಡೋಳೆ ಪಿವಳೆ ಝಾಲೇತ." ಅತ್ತೆಯ ಕಣ್ಣು ಹಳದಿಯಾಗಿವೆ. ಹಿಂದೆಯೇ ರಕ್ತದ ರಿಪೋರ್ಟಿನ ಫೋಟೋ ಬಂತು. ಇಂಥ ಕಾಗದಗಳನ್ನು ಮೂವತ್ತು ವರ್ಷ ಬೇರೆಯವರ ಕೈಗೆ ಕೊಟ್ಟವಳು ನಾನು. ಕೊಡುವಾಗ ಮುಖದಲ್ಲಿ ಏನೂ ತೋರಿಸಬಾರದೆಂದು ಕಲಿತವಳು. ಅವತ್ತು ಫೋನನ್ನು ಬೋರಲಾಗಿಟ್ಟು ಅಡುಗೆಮನೆಯಲ್ಲಿ ನೆಲಕ್ಕೆ ಕುಳಿತೆ. ಯಕೃತ್ತಿನ ಹತ್ತಿರ ಗಂಟು ಬೆಳೆದಿದೆ, ಬಹಳ ತಡವಾಗಿದೆ ಎಂದು ಅಲ್ಲಿಯ ಡಾಕ್ಟರು ಹೇಳಿದ್ದರು.

ಮರುದಿನ ಬಸ್ಸು ಹತ್ತಿದೆ. ನಿಫಾಡ್ ದಾಟುವಾಗ ಕಿಟಕಿಯಿಂದ ಮುಖ ತಿರುಗಿಸಿಕೊಂಡೆ. ಯೇವಲಾದಲ್ಲಿ ಬಸ್ಸು ನಿಂತಿತು. ಚಹಾ ಕುಡಿದು, ಬಿಸಿ ಭಜಿ ತಿಂದು (ದುಃಖ ನನ್ನ ಹಸಿವನ್ನು ಎಂದೂ ಕೊಂದಿಲ್ಲ, ನಾಚಿಕೆಯಿಂದ ಹೇಳುತ್ತೇನೆ) ತಿರುಗಿ ಬರುವಾಗ, ಪೈಠಣಿ ಸೀರೆಯ ಜಾಹೀರಾತು ಬರೆದಿದ್ದ ಗೋಡೆಯ ಬುಡದಲ್ಲಿ ಆ ಗಿಡ ಕಂಡಿತು. ಒಂದಲ್ಲ, ಹತ್ತಿಪ್ಪತ್ತು. ಈ ಸೊಪ್ಪಿಗೆ ಅವಳ ಬೇನೆಯನ್ನು ಏನೂ ಮಾಡಲಾಗುವುದಿಲ್ಲ ಎಂದು ಆ ಬಸ್‌ಸ್ಟ್ಯಾಂಡಿನಲ್ಲಿ ಯಾರಿಗಾದರೂ ಗೊತ್ತಿದ್ದರೆ ಅದು ನನಗೆ. ಆದರೂ ಕಂಡಕ್ಟರ್ ಸೀಟಿ ಊದುತ್ತಿರುವಾಗ ಒಂದು ಹಿಡಿ ಕಿತ್ತು ಕರವಸ್ತ್ರದಲ್ಲಿ ಸುತ್ತಿ ಬ್ಯಾಗಿಗೆ ಹಾಕಿಕೊಂಡೆ. ಸೀಟಿನಲ್ಲಿ ಕುಳಿತ ಮೇಲೆ ಕದ್ದವಳ ಹಾಗೆ ಬ್ಯಾಗನ್ನು ತೊಡೆಯ ಮೇಲೆ ಅಪ್ಪಿ ಹಿಡಿದುಕೊಂಡೆ.

ನೀಲಕ್ಕ ಮಂಚದ ಮೇಲೆ ಮಗುವಿನಷ್ಟಾಗಿದ್ದಳು. ಸೊಸೆ ಚಹಾ ಮಾಡಲು ಹೋದಾಗ ಕರವಸ್ತ್ರ ಬಿಚ್ಚಿ ಅವಳ ಮುಂದೆ ಇಟ್ಟೆ. ಅವಳು ಒಮ್ಮೆ ಸೊಪ್ಪು ನೋಡಿದಳು, ಒಮ್ಮೆ ನನ್ನನ್ನು ನೋಡಿದಳು, ನಕ್ಕಳು. ಹಲ್ಲಿಗಿಂತ ಕಣ್ಣು ಹಳದಿ ಇದ್ದವು.

"ನಿನ್ನೆ ಸಂಜೀಕ ಹೋಗಿ ಕರದಿದ್ದೇನು?"

"ಹೆಸರು ಗೊತ್ತಿದ್ರ ಕರೀತಿದ್ದೆ."

ಅವಳು ಅಡುಗೆಮನೆಯ ಕಡೆ ಒಮ್ಮೆ ನೋಡಿದಳು. "ಬಾಗಿಲ ಮುಚ್ಚು. ಹೊಟ್ಟಿಗಿ ಏನರ ತಿಂದೀ?"

"ಯೇವಲಾದಾಗ ಭಜಿ ತಿಂದೆ."

"ಉಪಾಸ ಇದ್ದವರಿಗೇ ಹೇಳಬೇಕು ಅಂತದ. ಆದರ ನಾಳೆ ಉಪಾಸ ಇದ್ದು ಬಾ ಅನ್ಲಾಕ ನನ್ನ ಹತ್ರ ಟೈಮಿಲ್ಲ. ಹತ್ರ ಬಾ."

ಬಗ್ಗಿದೆ. ಔಷಧದ ವಾಸನೆ, ಅದರ ಹಿಂದೆ ಅವಳು ಯಾವಾಗಲೂ ಹಚ್ಚುತ್ತಿದ್ದ ಕೊಬ್ಬರಿ ಎಣ್ಣೆಯ ವಾಸನೆ. ಅವಳ ತುಟಿ ನನ್ನ ಕಿವಿಗೆ ತಾಗಿತು.

"ತಿಪ್ಪವ್ವ" ಅಂದಳು.

ಯಾವ ತಿಪ್ಪವ್ವ ಎಂದು ನಾನು ಕೇಳಲಿಲ್ಲ. ನಮಗಿದ್ದವಳು ಒಬ್ಬಳೇ ತಿಪ್ಪವ್ವ.

"ಜ್ವರ ಅಲ್ಲ, ಮಾದೇವಿ. ಕಾಮಣಿ ಆಗಿತ್ತು ಆಕಿಗೆ" ಎಂದು ನೀಲಕ್ಕ ಮೆಲ್ಲಗೆ ಹೇಳಿದಳು. "ಅಪ್ಪ ನಾಸಿಕಕ್ಕ ಒಯ್ಯೋಣ ಅಂದ. ಅವ್ವ ಬ್ಯಾಡ ಅಂದ್ಲು. ನನ್ನ ಕೈಯಾಗ ಇಷ್ಟು ಮಂದಿ ಉಳದಾರ, ನನ್ನ ಕೂಸು ಉಳಿಯಂಗಿಲ್ಲೇನು ಅಂದ್ಲು. ಮೂರು ದಿನ ಮುಂಜಾನೆ ಕೊಟ್ಲು. ನಾಕನೇ ದಿನ ಕೂಸು ಕಣ್ಣೇ ತೆರೀಲಿಲ್ಲ. ಉಳ್ಳಾಗಡ್ಡಿ ಟೆಂಪೋದಾಗ ಹಾಕ್ಕೊಂಡು ಹೊಂಟೇವಿ. ನನ್ನ ತೊಡಿ ಮ್ಯಾಲಿದ್ಲು. ನಾಸಿಕ ಮುಟ್ಟಲಿಲ್ಲ."

"ಗಿಡಕ್ಕ ಯಾಕ ಆಕಿ ಹೆಸರು?"

"ಹಂಗೇ ಅದ ಅದು. ಯಾರ ಕೈಯಾಗ ಯಾರು ಹೋಗ್ತಾರ, ಅವರ ಹೆಸರೇ ಇಡಬೇಕು ಗಿಡಕ್ಕ. ಕೈಗಿ ಸೊಕ್ಕು ಬರಬಾರದು ಅಂತ. ಆಯಿ ಭೀಮವ್ವ ಅಂತ ಕರೀತಿದ್ಲಂತ. ಯಾರದೋ ಹೊಸ ಸೊಸಿ, ಆಯಿ ಕೈಯಾಗ ಹೋದಾಕಿ. ಅದಕ್ಕೂ ಮೊದ್ಲ ಇನ್ನ್ಯಾರೋ."

ಅವ್ವ ತೋಟದ ಬದುವಿನಲ್ಲಿ ಬಗ್ಗಿ ತುಟಿಯೊಳಗೇ ಕರೆಯುತ್ತಿದ್ದದ್ದು ನನ್ನ ಕಣ್ಣಿಗೆ ಕಟ್ಟಿತು. ಚಿಟ್ಟಿಯನ್ನು ತಲೆಕೆಳಗಾಗಿ ಹಿಡಿದು ನೋಡುತ್ತಿದ್ದದ್ದು ಕಟ್ಟಿತು. ಅದನ್ನು ಹೇಳಿ ನಾನು ಎಷ್ಟು ಸಲ ನಕ್ಕಿದ್ದೆ, ಎಷ್ಟು ಮಂದಿಯನ್ನು ನಗಿಸಿದ್ದೆ. ಪ್ರತಿ ಸಲವೂ ಅವಳು ನನ್ನ ಜೊತೆ ನಕ್ಕಿದ್ದಳು.

"ನನಗ ಯಾಕ ಹೇಳಲಿಲ್ಲ, ಅಕ್ಕಾ?"

"ನೀ ಊರಾಗಿದ್ದಿ, ನೋಡಿಲ್ಲ. ಈ ಭಾರ ಮಾದೇವಿಗಿ ಬ್ಯಾಡ ಅಂದ್ಲು ಅವ್ವ. ಆಕಿ ರಕ್ತ ನೋಡೋದು ಕಲೀಲಿ, ಮುಂದ ಯಾರ ಕೂಸೂ ಹಿಂಗ ಹೋಗಬಾರದು ಅಂದ್ಲು. ಒಬ್ಬಾಕಿಗಿ ಹೆಸರು, ಒಬ್ಬಾಕಿಗಿ ಶಾಲಿ." ಉಸಿರು ತೆಗೆದುಕೊಳ್ಳಲು ನಿಂತಳು. "ನಾ ಶಾಲಿ ಬೇಕು ಅಂತ ಅತ್ತೆ. ನೀ ಹೆಸರು ಬೇಕು ಅಂತ ಅತ್ತಿ."

ವಾಸ್ತುಶಾಂತಿಯ ದಿನದ ಮಾತನ್ನು ನಾನೇ ತೆಗೆದೆ. ತಪ್ಪಾಯಿತು ಅಂದೆ. ಅವಳು ಕೈ ಅಲ್ಲಾಡಿಸಿದಳು. "ಸಿಟ್ಟು ಬಂದಿತ್ತು. ಆದರ ಒಂದು ಹೇಳ್ಲಾ? ಆ ಹೊತ್ತು ಪಾರಾದೆ ಅಂತನೂ ಅನ್ನಿಸ್ತು. ನನ್ನ ಕೈಯಾಗ ಯಾರೂ ಹೋಗಿರಲಿಲ್ಲ. ಹೆಸರು ಬದಲಾಗೋ ಮೊದ್ಲೇ ಬಿಟ್ಟೆ." ಆಮೇಲೆ ಕರವಸ್ತ್ರದಲ್ಲಿದ್ದ ಸೊಪ್ಪಿನ ಒಂದು ಕಡ್ಡಿ ತೆಗೆದು ಕೊಡು ಎಂದು ಸನ್ನೆ ಮಾಡಿದಳು. ಕುಡಿಯುತ್ತೇನೆ ಅನ್ನಲಿಲ್ಲ. ಮುಷ್ಟಿಯಲ್ಲಿ ಹಿಡಿದುಕೊಂಡು ಗೋಡೆಯ ಕಡೆ ತಿರುಗಿ ಮಲಗಿದಳು. ಸೊಸೆ ಚಹಾ ತಂದಾಗ ನಾವಿಬ್ಬರೂ ಅಳುತ್ತಿದ್ದೆವು. ಅವಳಿಗೆ ಕನ್ನಡ ಬಾರದು, ಕಪ್ಪು ಇಟ್ಟು ಹೊರಗೆ ಹೋದಳು.

ದಸರೆಗೆ ಮೊದಲು ನೀಲಕ್ಕ ಹೋದಳು. ಅವಳ ದಿನಕರ್ಮ ಮುಗಿಸಿ ನಾಸಿಕಕ್ಕೆ ಬಂದವಳು ಬ್ಯಾಗಿನ ತಳದಲ್ಲಿ ಉಳಿದಿದ್ದ ಆ ಕರವಸ್ತ್ರವನ್ನು ಇದೇ ಕುಂಡದ ಮೇಲೆ ಝಾಡಿಸಿದ್ದೆ. ಒಣಗಿದ ಎಲೆ, ಪುಡಿ. ಕಾಯಿಯೂ ಬಿದ್ದಿರಬೇಕು. ಈ ಸಲ ಎದ್ದು ನಿಂತಿದೆ.

ಈಗ ನಿಮಗೆಲ್ಲ ಹೆಸರು ಹೇಳಿಬಿಟ್ಟೆ. ಗುಟ್ಟು ನನ್ನ ಬಾಯಲ್ಲಿ ನಿಲ್ಲುವುದಿಲ್ಲ ಎಂದು ಮೊದಲೇ ಹೇಳಿದ್ದೆನಲ್ಲ. ಎರಡನೆಯ ಕಿವಿಗೆ ಬಿದ್ದರೆ ಗಿಡದ ಗುಣ ಹೋಗುತ್ತದೆ ಎನ್ನುವುದು ನಿಜವೇ ಆದರೆ, ಹೋಗಲಿ ಎಂದೇ ಹೇಳಿದ್ದೇನೆ. ಇದನ್ನು ನಂಬಿ ಇನ್ನು ಯಾವ ತಾಯಿಯೂ ಮೂರು ದಿನ ಮನೆಯಲ್ಲಿ ಕೂರುವುದು ಬೇಡ. ನಿಮ್ಮ ಮನೆಯಲ್ಲಿ ಯಾರ ಕಣ್ಣಾದರೂ ಹಳದಿಯಾದರೆ ಮೊದಲು ದವಾಖಾನೆ, ಮೊದಲು ಚಿಟ್ಟಿ. ನಮ್ಮವ್ವನ ಮಾತು ಅಂತ ತಿಳಿದುಕೊಳ್ಳಿ.

ಸಂಜೆಯಾದರೆ ಈ ಗಿಡ ಎಲೆ ಮುಚ್ಚಿಕೊಳ್ಳುತ್ತದೆ. ದೀಪ ಹಚ್ಚುವ ಹೊತ್ತಿಗೆ ನಾಲ್ಕು ಅಕ್ಕಿಕಾಳು ಹಿಡಿದು ಕುಂಡದ ಹತ್ತಿರ ಹೋಗುತ್ತೇನೆ. ಮೊಣಕಾಲು ಮಾತು ಕೇಳುವುದಿಲ್ಲ, ಗೋಡೆ ಹಿಡಿದು ಬಗ್ಗಬೇಕು. ಈಶಾ ಓದುತ್ತಾ ಕುಳಿತಲ್ಲಿಂದ ತಲೆಯೆತ್ತಿ, ಈ ಆಜಿ ಕುಂಡದ ಜೊತೆ ಏನು ಮಾತಾಡುತ್ತಾಳೆ ಎಂದು ನೋಡುತ್ತಾಳೆ. ಬುಡಕ್ಕೆ ಅಕ್ಕಿ ಹಾಕಿ ಹೆಸರು ಹಿಡಿದು ಕರೆಯುತ್ತೇನೆ.

"ತಿಪ್ಪವ್ವಾ, ನಾಳೆ ಮುಂಜಾನೆ ನಾ ಬರಂಗಿಲ್ಲ. ನೀ ಇಲ್ಲೇ ಇರು."